ಸಣ್ಣ ವಿಮಾನದ ಚಾರ್ಜಿಂಗ್ ವ್ಯವಸ್ಥೆ ಮತ್ತು ಅದರ ದೋಷಶೋಧನೆಯ ಚರಿತ್ರೆ

ಒಂದೇ ಎಂಜಿನ್ನಿನ ಸಣ್ಣ ವಿಮಾನದಲ್ಲಿ ಬ್ಯಾಟರಿಗೆ ವಿದ್ಯುತ್ತು ತುಂಬುವ ಯಂತ್ರವು ಹಾರಾಟದ ನಡುವೆ ಕೆಟ್ಟರೆ ಎಂಜಿನ್ ನಿಲ್ಲುವುದಿಲ್ಲ, ಅದರ ಸದ್ದಿನಲ್ಲಿ ವ್ಯತ್ಯಾಸವೂ ಕೇಳಿಸುವುದಿಲ್ಲ. ಸಿಲಿಂಡರುಗಳಲ್ಲಿ ಇಂಧನವನ್ನು ಹೊತ್ತಿಸುವ ಕಿಡಿ ಬ್ಯಾಟರಿಯಿಂದ ಬರುವುದಲ್ಲ. ಶಾಶ್ವತ ಕಾಂತವೊಂದನ್ನು ಎಂಜಿನ್ನೇ ತಿರುಗಿಸಿ, ಆ ತಿರುಗಾಟದಿಂದಲೇ ಕಿಡಿಯನ್ನು ಹುಟ್ಟಿಸುವ ಮ್ಯಾಗ್ನೆಟೋ ಎಂಬ ಸ್ವತಂತ್ರ ಸಾಧನದಿಂದ ಅದು ಬರುತ್ತದೆ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಎಂಜಿನ್ನನ್ನು ಚಾಲೂ ಮಾಡಲು ಒಣ ಬ್ಯಾಟರಿಗಳನ್ನು ಬಳಸಲಾಯಿತಾದರೂ ಅವನ್ನು ನೆಲದ ಮೇಲೆಯೇ ಬಿಟ್ಟು, ಗಾಳಿಯಲ್ಲಿ ಮ್ಯಾಗ್ನೆಟೋವನ್ನು ಮಾತ್ರ ನೆಚ್ಚಲಾಯಿತು. ಎಂಜಿನ್ನಿನ ಕಿಡಿಯನ್ನೂ ವಿಮಾನದ ಉಳಿದ ವಿದ್ಯುತ್ತನ್ನೂ ಬೇರೆಬೇರೆಯಾಗಿಡುವ ಈ ಪದ್ಧತಿ ಸುರಕ್ಷತೆಯ ದೃಷ್ಟಿಯಿಂದ ವಿವೇಕದ್ದೇ ಆಗಿತ್ತು. ಆದರೆ ಚಾರ್ಜಿಂಗ್ ವ್ಯವಸ್ಥೆಯ ದೋಷವು ಸದ್ದಿಲ್ಲದೆ ಬರುವ ದೋಷವಾದದ್ದೂ ಇದರಿಂದಲೇ, ಮುಂದಿನ ದಶಕಗಳ ದೋಷಶೋಧನೆಯ ಬಹುಪಾಲು ಶ್ರಮ ಆ ಮೌನವನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕೇ ಸಂದಿತು.

ಬಹಳ ಕಾಲ ಈ ದೋಷದ ಪ್ರಶ್ನೆ ಏಳಲೇ ಇಲ್ಲ, ಏಕೆಂದರೆ ಕೆಡುವುದಕ್ಕೆ ಏನೂ ಇರಲಿಲ್ಲ. ಅಮೆರಿಕದಲ್ಲಿ 1947ರವರೆಗೆ ಸಾವಿರಗಟ್ಟಲೆ ತಯಾರಾದ ಪೈಪರ್ ಜೆ-3 ಕಬ್ ವಿಮಾನಕ್ಕೆ ಸಾಮಾನ್ಯವಾಗಿ ಬ್ಯಾಟರಿಯೂ ಸ್ಟಾರ್ಟರ್ ಮೋಟರೂ ಇರಲಿಲ್ಲ. ಒಬ್ಬರು ಮುಂದೆ ನಿಂತು ಪ್ರೊಪೆಲರನ್ನು ಕೈಯಿಂದಲೇ ತಿರುವಿ ಎಂಜಿನ್ ಚಾಲೂ ಮಾಡುತ್ತಿದ್ದರು. ಕಾಂಟಿನೆಂಟಲ್ ಕಂಪನಿಯ ಸಣ್ಣ ಎಂಜಿನ್ನುಗಳಲ್ಲಿ ಈ ಭೇದ ಹೆಸರಿನಲ್ಲೇ ಸೇರಿಹೋಗಿತ್ತು: ಮಾದರಿ ಸಂಖ್ಯೆಯ ಕೊನೆಯಲ್ಲಿ 8 ಇದ್ದರೆ ಸ್ಟಾರ್ಟರ್ ಮತ್ತು ಜನರೇಟರ್ ಕೂರಿಸಲು ಎಡೆಯಿಲ್ಲವೆಂದೂ, 12 ಇದ್ದರೆ ಇದೆಯೆಂದೂ ಬಲ್ಲವರು ಓದಿಕೊಳ್ಳುತ್ತಿದ್ದರು. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿದ, ಭಾರತದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ತರಬೇತಿಗೆ ಬಳಕೆಯಾದ ಪುಷ್ಪಕ್ ವಿಮಾನದ 90 ಅಶ್ವಶಕ್ತಿಯ ಎಂಜಿನ್ನೂ ಈ 8ರ ವರ್ಗಕ್ಕೇ ಸೇರಿದ್ದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ವಂತ ವಿಮಾನ ಕೊಳ್ಳುವವರಿಗೆ ರೇಡಿಯೊ, ರಾತ್ರಿದೀಪ, ಗುಂಡಿ ಒತ್ತಿ ಎಂಜಿನ್ ಚಾಲೂ ಮಾಡುವ ಸೌಕರ್ಯ ಇವೆಲ್ಲ ಬೇಕೆನಿಸಿದವು. 1946ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 140ರಂಥ ವಿಮಾನಗಳು ಮೋಟಾರು ಕಾರಿನ ಜನರೇಟರನ್ನು ಹೆಚ್ಚು ಬದಲಾವಣೆಯಿಲ್ಲದೆ ಆಕಾಶಕ್ಕೆ ಒಯ್ದವು. ಕಾರಿನಲ್ಲಿ ಈ ವ್ಯವಸ್ಥೆಗೆ ಬುನಾದಿ ಬಿದ್ದದ್ದು ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲ್ಯಾಕ್‌ಗೆ ಬಂದಾಗ. ಜನರೇಟರಿನ ತಿರುಗುವ ಭಾಗದಲ್ಲಿ ಹುಟ್ಟುವ ವಿದ್ಯುತ್ತನ್ನು ಕಮ್ಯುಟೇಟರ್ ಎಂಬ ತಾಮ್ರದ ಪಟ್ಟಿಗಳ ಉಂಗುರವು ಒಂದೇ ದಿಕ್ಕಿಗೆ ತಿರುಗಿಸುತ್ತದೆ, ಅದಕ್ಕೆ ಒತ್ತಿಕೊಂಡಿರುವ ಇಂಗಾಲದ ಬ್ರಷ್ಷುಗಳು ಅದನ್ನು ಹೊರಗೆ ತರುತ್ತವೆ. ಪೂರ್ಣ ಪ್ರವಾಹವೇ ಈ ಬ್ರಷ್ಷುಗಳ ಮೂಲಕ ಹಾಯಬೇಕಾದ್ದರಿಂದ ಅವು ಬೇಗ ಸವೆಯುತ್ತಿದ್ದವು, ಕಿಡಿಕಾರಿ ರೇಡಿಯೊದಲ್ಲಿ ಕರಕರ ಸದ್ದು ಎಬ್ಬಿಸುತ್ತಿದ್ದವು. ಎಂಜಿನ್ ಮಂದಗತಿಯಲ್ಲಿದ್ದಾಗ ಉತ್ಪಾದನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲವಾದ್ದರಿಂದ ರಾತ್ರಿ ದೀಪ ಹಚ್ಚಿಕೊಂಡು ನೆಲದ ಮೇಲೆ ಕಾಯುವ ವಿಮಾನ ಹಾರುವ ಮೊದಲೇ ಬ್ಯಾಟರಿಯನ್ನು ಬಸಿದುಕೊಳ್ಳುತ್ತಿತ್ತು.

ಆ ಕಾಲದ ಮೆಕ್ಯಾನಿಕ್‌ಗೆ ಅನುಕೂಲವಾಗಿದ್ದ ಸಂಗತಿಯೆಂದರೆ ದೋಷದ ಬಹುಭಾಗವನ್ನು ಕಣ್ಣಿನಿಂದಲೇ ನೋಡಬಹುದಾಗಿತ್ತು. ಜನರೇಟರಿನ ಉತ್ಪಾದನೆಯನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೂರು ರಿಲೇಗಳು ಕಾಣುತ್ತಿದ್ದವು: ಒಂದು ವೋಲ್ಟೇಜನ್ನು ಮಿತಿಯಲ್ಲಿಡುವುದು, ಇನ್ನೊಂದು ಪ್ರವಾಹವನ್ನು ಮಿತಿಯಲ್ಲಿಡುವುದು, ಮೂರನೆಯದು ಜನರೇಟರ್ ನಿಧಾನವಾದಾಗ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಹರಿಯದಂತೆ ಸಂಪರ್ಕ ಕಡಿಯುವುದು. ಈ ಮೂರನೆಯದು ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿ ಜನರೇಟರಿನೊಳಕ್ಕೆ ಹರಿದು, ಸುಟ್ಟ ವಾಸನೆಯೇ ದೋಷವನ್ನು ಸಾರುತ್ತಿತ್ತು. ಜನರೇಟರ್ ತನ್ನ ಕಬ್ಬಿಣದಲ್ಲಿ ಉಳಿದುಕೊಂಡ ಅಲ್ಪ ಕಾಂತತ್ವದಿಂದ ತಾನಾಗಿ ಚೇತರಿಸಿಕೊಳ್ಳುವ ಯಂತ್ರ. ಬಹುಕಾಲ ಸುಮ್ಮನಿದ್ದು ಅದೂ ಮಾಸಿದರೆ ಬ್ಯಾಟರಿಯ ತಂತಿಯನ್ನು ಕ್ಷಣಮಾತ್ರ, ಕಾಂತಕ್ಷೇತ್ರವನ್ನು ಹುಟ್ಟಿಸುವ ಫೀಲ್ಡ್ ಸುರುಳಿಗೆ ತಾಗಿಸಿ ಕಾಂತತ್ವವನ್ನು ಮರಳಿಸುವುದು ವರ್ಕ್‌ಶಾಪಿನ ರೂಢಿಯಾಗಿತ್ತು, ಅದನ್ನು ಫೀಲ್ಡ್ ಫ್ಲ್ಯಾಷ್ ಮಾಡುವುದೆಂದು ಕರೆಯುತ್ತಿದ್ದರು.

ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ ಕ್ರೈಸ್ಲರ್ ಕಂಪನಿ ತನ್ನ 1960ರ ವೇಲಿಯಂಟ್ ಕಾರಿಗೆ ಜನರೇಟರಿನ ಬದಲು ಪರ್ಯಾಯ ವಿದ್ಯುತ್ತು ಹುಟ್ಟಿಸುವ ಆಲ್ಟರ್ನೇಟರ್ ಅಳವಡಿಸಿತು, ಆ ದಶಕದ ನಡುಭಾಗದಲ್ಲಿ ಸಣ್ಣ ವಿಮಾನಗಳೂ ಅದೇ ಹಾದಿ ಹಿಡಿದವು. ಹೊಸ ಯಂತ್ರ ಹಗುರ. ನಿಧಾನಗತಿಯಲ್ಲೂ ಉತ್ಪಾದನೆ ಕೊಡುತ್ತಿತ್ತು. ಬ್ರಷ್ಷುಗಳು ಫೀಲ್ಡ್ ಸುರುಳಿಯ ಕೆಲವೇ ಆಂಪಿಯರ್ ಹೊತ್ತರೆ ಸಾಕಾಗಿತ್ತು. ಆದರೆ ಹಳೆಯದಕ್ಕಿದ್ದ ಒಂದು ಗುಣ ಇದಕ್ಕಿರಲಿಲ್ಲ: ಆಲ್ಟರ್ನೇಟರಿನಲ್ಲಿ ಉಳಿಯುವ ಕಾಂತತ್ವ ಅದನ್ನು ಎಬ್ಬಿಸಲು ಸಾಲದಾದ್ದರಿಂದ ಮೊದಲ ಪ್ರಚೋದನೆ ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಪೂರ್ತಿ ಬರಿದಾದ ವಿಮಾನವನ್ನು ಪ್ರೊಪೆಲರ್ ತಿರುವಿ ಚಾಲೂ ಮಾಡಿದರೆ ಎಂಜಿನ್ ಓಡುತ್ತದೆ, ವಿದ್ಯುತ್ತು ಮಾತ್ರ ಹುಟ್ಟುವುದಿಲ್ಲ. ಜನರೇಟರಿನ ಕಾಲದ ಅನುಭವಿಗಳೇ ಇಲ್ಲಿ ಹೆಚ್ಚು ಮುಗ್ಗರಿಸುವಂತಾಯಿತು.

ಇದಕ್ಕಿಂತ ದೊಡ್ಡ ಗೊಂದಲ ಪ್ರವಾಹವನ್ನು ಅಳೆದು ತೋರಿಸುವ ಅಮ್ಮೀಟರಿನದು. ಸೆಸ್ನಾ ವಿಮಾನಗಳ ಅಮ್ಮೀಟರಿನಲ್ಲಿ ಸೊನ್ನೆ ನಡುವೆ ಇತ್ತು, ಮುಳ್ಳು ಬಲಕ್ಕೆ ವಾಲಿದರೆ ಬ್ಯಾಟರಿ ತುಂಬುತ್ತಿದೆಯೆಂದೂ ಎಡಕ್ಕೆ ವಾಲಿದರೆ ಬರಿದಾಗುತ್ತಿದೆಯೆಂದೂ ಅರ್ಥ, ನಡುವೆ ನಿಂತರೆ ಎಲ್ಲವೂ ಸರಿಯಿರುವ ಲಕ್ಷಣ. ಪೈಪರ್ ಚೆರೋಕಿಯ ಮೀಟರ್ ತೋರಿಸುತ್ತಿದ್ದದ್ದು ಆಲ್ಟರ್ನೇಟರ್ ಹೊರುತ್ತಿರುವ ಹೊರೆಯನ್ನು, ಅಲ್ಲಿ ಮುಳ್ಳು ಸೊನ್ನೆಗೆ ಇಳಿದರೆ ಆಲ್ಟರ್ನೇಟರ್ ಸತ್ತಿದೆಯೆಂದೇ ಅರ್ಥ. ಒಂದೇ ಹೆಸರಿನ ಉಪಕರಣದಲ್ಲಿ ಒಂದೇ ಅಂಕಿ ಒಂದು ವಿಮಾನದಲ್ಲಿ ಆರೋಗ್ಯವನ್ನೂ ಇನ್ನೊಂದರಲ್ಲಿ ಮರಣವನ್ನೂ ಸೂಚಿಸುವಂತೆ ಬಿಟ್ಟದ್ದು ವಿನ್ಯಾಸಕಾರರ ಜಾಣತನವೆನ್ನಲಾಗದು. ತಪ್ಪು ಓದಿದ ಪೈಲಟ್‌ಗೆ ಉಳಿಯುತ್ತಿದ್ದ ಕಾಲಾವಕಾಶವೂ ಕಡಿಮೆ: 25 ಆಂಪಿಯರ್-ಗಂಟೆಯ ಬ್ಯಾಟರಿಯಿಂದ 15 ಆಂಪಿಯರ್ ಎಳೆದರೆ ಕಾಗದದ ಮೇಲೆ ಒಂದೂವರೆ ಗಂಟೆಗೆ ಸ್ವಲ್ಪ ಹೆಚ್ಚು ಬರುತ್ತದೆ, ಹಳೆಯ ಬ್ಯಾಟರಿ ಅದರ ಅರ್ಧವನ್ನೂ ಕೊಡದಿರಬಹುದು.

ರೆಗ್ಯುಲೇಟರ್ ಕೆಟ್ಟು ಫೀಲ್ಡ್ ಸುರುಳಿಗೆ ಪೂರ್ಣ ವೋಲ್ಟೇಜ್ ಹರಿದರೆ ಆಲ್ಟರ್ನೇಟರಿಗೆ ಕಡಿವಾಣವೇ ಇಲ್ಲವಾಗಿ ಟ್ರಾನ್ಸಿಸ್ಟರ್ ರೇಡಿಯೊಗಳು ಸುಟ್ಟುಹೋಗುವ ಭಯವಿತ್ತು. ಅದಕ್ಕಾಗಿ ಸುಮಾರು 16 ವೋಲ್ಟ್ ಮೀರಿದೊಡನೆ ಫೀಲ್ಡನ್ನು ಕಡಿಯುವ ರಿಲೇ ಬಂತು, ಜೊತೆಗೆ ಬ್ಯಾಟರಿಯನ್ನೂ ಆಲ್ಟರ್ನೇಟರನ್ನೂ ಬೇರೆಬೇರೆಯಾಗಿ ಆರಿಸಬಲ್ಲ ಎರಡು ಭಾಗದ ಮಾಸ್ಟರ್ ಸ್ವಿಚ್ಚೂ ಬಂತು. ಸುಳ್ಳೇ ಎಚ್ಚರಗೊಂಡ ರಿಲೇಯನ್ನು ಈ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕುವ ಮೂಲಕ ಸರಿಪಡಿಸಬಹುದಾಗಿತ್ತು. ಸೆಸ್ನಾ 172 ತನ್ನ 1978ರ ಮಾದರಿಯಲ್ಲಿ 14 ವೋಲ್ಟಿನಿಂದ 28 ವೋಲ್ಟಿಗೆ ಏರಿತು. ಅದೇ ಕೆಲಸಕ್ಕೆ ಅರ್ಧ ಪ್ರವಾಹ ಸಾಕಾಗಿ ತೆಳು ತಂತಿಗಳಿಗೆ ಅವಕಾಶವಾಯಿತು. ವೋಲ್ಟೇಜ್ ಕುಸಿದಾಗ ಹೊತ್ತಿಕೊಳ್ಳುವ ದೀಪವೂ ಬಂದು, ಮುಳ್ಳನ್ನು ಅರ್ಥೈಸುವ ಹೊಣೆ ಪೈಲಟ್‌ನ ಮೇಲಿಂದ ಒಂದಷ್ಟು ಇಳಿಯಿತು.

1986ರಲ್ಲಿ ಸೆಸ್ನಾ ಸಣ್ಣ ಎಂಜಿನ್ ವಿಮಾನಗಳ ತಯಾರಿಕೆ ನಿಲ್ಲಿಸಿ ಹತ್ತು ವರ್ಷ ಪುನರಾರಂಭಿಸದಿದ್ದುದರಿಂದ, 1960 ಮತ್ತು 70ರ ದಶಕಗಳ ವಿಮಾನಗಳೇ ಹಾರುತ್ತ ಮುದಿಯಾದವು, ಹಿಂದೆ ಪರಿಹಾರವೆಂದು ಬಂದ ಭಾಗಗಳೇ ಹೊಸ ದೋಷಗಳಿಗೆ ಮನೆಯಾದವು. ಅಮ್ಮೀಟರಿನ ಮುಳ್ಳು ಅತ್ತಿತ್ತ ಒಲೆದಾಡುವ ದೂರಿಗೆ ಆಲ್ಟರ್ನೇಟರನ್ನೋ ರೆಗ್ಯುಲೇಟರನ್ನೋ ಬದಲಾಯಿಸಿದರೂ ಅದು ನಿಲ್ಲದ ಉದಾಹರಣೆಗಳು ವರ್ಕ್‌ಶಾಪುಗಳಲ್ಲಿ ಸಾಮಾನ್ಯವಾದವು. ಅಂಥಲ್ಲಿ ಎಂಜಿನ್ ನಿಲ್ಲಿಸಿ ಮಾಸ್ಟರ್ ಸ್ವಿಚ್ ಹಾಕಿ, ಮುಖ್ಯ ವಿದ್ಯುತ್ ಪಟ್ಟಿಯಲ್ಲೂ ರೆಗ್ಯುಲೇಟರಿಗೆ ಬರುವ ತಂತಿಯಲ್ಲೂ ವೋಲ್ಟೇಜ್ ಅಳೆದಾಗ ಎರಡರ ನಡುವೆ ಅರ್ಧ ವೋಲ್ಟಿನಷ್ಟು ಅಂತರ ಸಿಗುವುದುಂಟು. ಹಳತಾದ ಸ್ವಿಚ್ಚಿನ ಕಪ್ಪಿಟ್ಟ ಸಂಪರ್ಕಗಳಲ್ಲಿ ಕಳೆದುಹೋದ ಆ ಅಲ್ಪ ವೋಲ್ಟೇಜನ್ನು ರೆಗ್ಯುಲೇಟರ್ ಕೊರತೆಯೆಂದು ತಿಳಿದು ಫೀಲ್ಡನ್ನು ಏರಿಸುತ್ತ, ಮರುಕ್ಷಣ ಅತಿಯಾಯಿತೆಂದು ಇಳಿಸುತ್ತ ಇರುತ್ತದೆ.