ಇಟ್ಟಿಗೆ ಆಟದ ಬದು

ಮಸಿನಗುಡಿ ಕಡೆ ಹೊಲ ಮಾಡೋರಿಗೆ ಬದುವಿನ ಬೆಲೆ ಹೇಳಬೇಕಿಲ್ಲ. ಮೊಮ್ಮಕ್ಕಳು ಫೋನಿನಲ್ಲಿ ಆಡೋ ಟೆಟ್ರಿಸ್ ಆಟಕ್ಕೂ ಬದು ಇದೆ. ಮೇಲಿಂದ ಬೀಳುವ ನಾಲ್ಕು ಚೌಕದ ತುಂಡುಗಳನ್ನು ತಿರುಗಿಸಿ ಜೋಡಿಸಬೇಕು. ಒಂದು ಸಾಲು ಸಂದಿಲ್ಲದೆ ತುಂಬಿದರೆ ಅದು ಅಳಿದುಹೋಗುತ್ತದೆ.

ಇದನ್ನು 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಜಿತ್ನೋವ್ ಕಟ್ಟಿದರು. ಅವರ ಎಲೆಕ್ಟ್ರೋನಿಕಾ 60 ಕಂಪ್ಯೂಟರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಬರವಣಿಗೆಯ ಗುರುತುಗಳಿಂದಲೇ ತುಂಡುಗಳನ್ನು ಮಾಡಿದರು. ಆ ಹೊಲದ ಅಗಲ 10 ಚೌಕ, ಎತ್ತರ 20. 1989ರ ಗೇಮ್ ಬಾಯ್ ಯಂತ್ರದ ಪರದೆ ಚಿಕ್ಕದು. ಅಲ್ಲಿ ಎತ್ತರ 18 ಆಯಿತು.

ಎಡ, ಬಲ, ಕೆಳಗೆ ಗಟ್ಟಿ ಗೋಡೆ. ತಕರಾರೆಲ್ಲ ಮೇಲಿನ ಬದುವಿನದು. ಈಚಿನ ಕಟ್ಟಳೆಯಲ್ಲಿ ಕಾಣುವ 20 ಸಾಲಿನ ಮೇಲೆ ಕಾಣದ ಸಾಲುಗಳೂ ಇವೆ. ತುಂಡಿನ ಒಂದು ಭಾಗ ಅಲ್ಲಿಗೆ ಚಾಚಿದರೂ ಆಟ ನಡೆಯುತ್ತದೆ. ಇಡೀ ತುಂಡು ಅಲ್ಲೇ ಕೂತರೆ, ಇಲ್ಲವೇ ಹೊಸ ತುಂಡು ಬರಲು ಜಾಗವೇ ಇಲ್ಲದಿದ್ದರೆ, ಆಟ ಮುಗೀತು.

ಹಾಗಾಗಿ ಇಬ್ಬರು ಹುಡುಗರು ಬೇರೆ ಬೇರೆ ಯಂತ್ರದಲ್ಲಿ ಆಡಿ, ಗೆದ್ದೋರು ಯಾರು ಅಂತ ಜಗಳಕ್ಕೆ ನಿಂತರೆ, ಕೈಚಳಕ ಅಳೆಯೋ ಮೊದಲು ಬದು ಎಲ್ಲಿದೆ ಅಂತ ಕೇಳಿ. ಮೇಷ್ಟ್ರುಗಳೇ, ಗಡಿಕಲ್ಲು ತೋರಿಸದ ಹೊಲದಲ್ಲಿ ಸೋತವನನ್ನು ದಡ್ಡ ಅನ್ನಬೇಡಿ.