ಹುಲಿ ಎರಡು ಕುರಿ ಹಾರಬಹುದಾ?

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗೋ ಮುಂಚೆ ಒಂದು ಶನಿವಾರ ಸಣ್ಣದೊಂದು ಪ್ರೋಗ್ರಾಂ ಬರೆಯಲು ಕೂತೆ. ನಮ್ಮೂರ ಹನುಮಪ್ಪನ ಗುಡಿ ಕಟ್ಟೆಯ ಹಾಸುಗಲ್ಲಿನ ಮೇಲೆ ಕೊರೆದಿದ್ದ ಹುಲಿ-ಕುರಿ ಆಟವನ್ನು ಕಂಪ್ಯೂಟರ್ ನನ್ನ ಜೊತೆ ಆಡಬೇಕು, ಅಷ್ಟೇ ಆಸೆ. ನಮ್ಮೂರು ಸಿಂದಗಿ ತಾಲೂಕಿನ ಒಂದು ಹಳ್ಳಿ. ಶಾಲೆ ಬಿಟ್ಟ ಮೇಲೆ ಆ ಕಲ್ಲಿನ ಸುತ್ತ ಕೂತು, ಹುಣಸೆ ಬೀಜವನ್ನು ಕುರಿ ಮಾಡಿ, ಕರಿಕಲ್ಲನ್ನು ಹುಲಿ ಮಾಡಿ ಆಡಿದವನು ನಾನು. ಮನೆಗಳನ್ನು ಒಂದು ಅರೇಯಲ್ಲಿ ಹಾಕಿದೆ, ಯಾವ ಮನೆಯಿಂದ ಯಾವ ಮನೆಗೆ ಗೆರೆ ಇದೆ ಅಂತ ಬರೆದೆ. ಆಮೇಲೆ ಮೊದಲ ಫಂಕ್ಷನ್: ಹುಲಿ ಎಲ್ಲೆಲ್ಲಿಗೆ ಹೋಗಬಹುದು?

ಅಲ್ಲಿಗೇ ನಿಂತುಬಿಟ್ಟೆ. ಹುಲಿ ಒಂದು ಕುರಿ ಹಾರಿ ಆಚೆ ಕೂತಿತು ಅಂತಿಟ್ಟುಕೊಳ್ಳಿ. ಅಲ್ಲಿಂದ ಇನ್ನೊಂದು ಕುರಿ ಹಾರೋಕೆ ದಾರಿ ಇದ್ದರೆ ಅದೇ ಸರದಿಯಲ್ಲಿ ಹಾರಬಹುದಾ?

ಅಪ್ಪನಿಗೆ ಫೋನ್ ಮಾಡಿದೆ. "ಒಂದ ಹಾರಬೇಕು ತಮ್ಮಾ. ಎರಡೆರಡ ಹಾರಿದ್ರ ಕುರಿ ಉಳಿತಾವೇನು?" ಅಂದರು. ಹಿಂದಿನಿಂದ ಅವ್ವನ ದನಿ ಬಂತು. ಅವ್ವನ ತವರು ಮುದ್ದೇಬಿಹಾಳದ ಕಡೆ. "ನಮ್ಮೂರಾಗ ಎಷ್ಟ ಸಿಗ್ತಾವ ಅಷ್ಟೂ ಹಾರ್ತಿದ್ರು. ಹುಲಿಗೆ ಹಸಿವಿ ಆದಾಗ ಯಾರ ಎಣಿಸ್ತಾರ?" ಇಂಡಿಯ ಗೆಳೆಯನಿಗೆ ಕೇಳಿದೆ. "ಅದೆಲ್ಲಾ ಬಿಡೋ ದೋಸ್ತ, ಕುರಿ ಪೂರಾ ಇಳಿಸೋ ತನಕಾ ಇಟ್ಟ ಕುರಿ ಸರಿಸಂಗಿಲ್ಲ, ಅದನ್ನ ಮೊದಲ ಹಾಕು" ಅಂದ. ಬಸವನ ಬಾಗೇವಾಡಿಗೆ ಕೊಟ್ಟ ಅಕ್ಕ, ಕುರಿಯ ಲೆಕ್ಕವೇ ಬೇರೆ ಅಂದಳು. ನಾಲ್ಕು ತಾಲೂಕು, ನಾಲ್ಕು ಕಾಯ್ದೆ. ಯಾರ ಮಾತಿಗೆ `ಟ್ರೂ` ಅಂತ ಬರೆಯಲಿ, ಯಾರದಕ್ಕೆ `ಫಾಲ್ಸ್`?

ಆ ರಾತ್ರಿ ಕೋಡ್ ಮುಚ್ಚಿಟ್ಟು, ಆಟ ಆಡುವ ಯಂತ್ರಗಳ ಇತಿಹಾಸ ಓದುತ್ತಾ ಕೂತೆ. ಗೊತ್ತಿದ್ದ ಕಥೆಯೇ. ಆದರೆ ತಲೆಯಲ್ಲಿ ಅವ್ವನ ಹುಲಿ ಇದ್ದಿದ್ದರಿಂದ ಬೇರೆ ಥರ ಕಂಡಿತು.

ಕಥೆ ಶುರುವಾಗೋದು ಮೋಸದಿಂದ. 1770ರಲ್ಲಿ ವೊಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಎಂಬಾತ ವಿಯೆನ್ನಾದ ರಾಣಿ ಮರಿಯಾ ತೆರೇಸಾಳ ಮುಂದೆ ಒಂದು ಗೊಂಬೆ ತಂದಿಟ್ಟ. ಪೇಟ ಸುತ್ತಿದ ಗೊಂಬೆ, ಎದುರಿಗೆ ಪೆಟ್ಟಿಗೆ, ಮೇಲೆ ಚದುರಂಗದ ಹಾಸು. ಹೆಸರು 'ದಿ ಟರ್ಕ್'. ಅದು ಯುರೋಪೆಲ್ಲಾ ಸುತ್ತಿ ಬೆಂಜಮಿನ್ ಫ್ರಾಂಕ್ಲಿನ್, ನೆಪೋಲಿಯನ್ ಜೊತೆಗೂ ಆಡಿತು. 1820ರಲ್ಲಿ ಲಂಡನ್ನಿನಲ್ಲಿ ಚಾರ್ಲ್ಸ್ ಬ್ಯಾಬೇಜ್ ಅದರೆದುರು ಎರಡು ಸಲ ಸೋತ. ಮುಂದೆ ಕಂಪ್ಯೂಟರಿನ ಕಲ್ಪನೆ ಕಟ್ಟಿದ ಅದೇ ಬ್ಯಾಬೇಜ್. ಪೆಟ್ಟಿಗೆಯೊಳಗೆ ಮೈ ಮುದುಡಿಕೊಂಡು ಒಬ್ಬ ಪಳಗಿದ ಆಟಗಾರ ಕೂತಿರುತ್ತಿದ್ದ! ಜನರನ್ನು ಬೆರಗುಗೊಳಿಸಲು ಆ ಗೊಂಬೆ ತೋರಿಸುತ್ತಿದ್ದ ಒಂದು ಕಸರತ್ತು ಕುದುರೆ ನಡೆ: ಒಂದೇ ಕುದುರೆಯನ್ನು 64 ಮನೆಗೂ, ಒಂದೊಂದು ಮನೆಗೆ ಒಂದೇ ಸಲ, ಓಡಿಸೋದು.

ಈ ಕುದುರೆ ನಡೆ ಅಂದ ಕೂಡಲೇ ನಮ್ಮವರೇ ಒಬ್ಬರು ನೆನಪಾಗಬೇಕು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೂ 1868ರಲ್ಲಿ ತೀರಿಕೊಳ್ಳುವವರೆಗೆ ಅರಮನೆ ಅವರದೇ ಇತ್ತು. ರಾಜ್ಯಭಾರವಿಲ್ಲದ ಆ ದೊರೆ ಕುದುರೆ ನಡೆಯ ಒಗಟು ಕಟ್ಟಿದರು, ಹಾಸಿನ ಆಟಗಳನ್ನೂ ಗಂಜೀಫಾ ಎಲೆಗಳನ್ನೂ ಹೊಸದಾಗಿ ರೂಪಿಸಿದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಒಂಬತ್ತು ನಿಧಿಗಳು. ದೇವರು, ಗ್ರಹ, ಆಗಮ ಎಲ್ಲ ಆದ ಮೇಲೆ ಕೊನೆಯದು 'ಕೌತುಕನಿಧಿ', ಅಲ್ಲಿ ಆಟಗಳಿಗೂ ಜಾಗ ಇದೆ. ದೇವತೆಗಳ ಧ್ಯಾನಶ್ಲೋಕ ಇರುವ ಅದೇ ಗ್ರಂಥದಲ್ಲಿ ಆಟದ ಲೆಕ್ಕವನ್ನೂ ಬರೆಸಿಟ್ಟರಲ್ಲ, ಅದು ನನಗೆ ದೊಡ್ಡ ಕೆಲಸ ಅನ್ನಿಸುತ್ತೆ. ಅರಮನೆಯ ಆಟ ಉಳಿಯಿತು. ಕಟ್ಟೆಯ ಆಟಕ್ಕೆ ಅಂಥ ದೊರೆ ಸಿಗಲಿಲ್ಲ.

ಮೋಸವಿಲ್ಲದ ಯಂತ್ರ ಬರಲು ಇನ್ನೂ ನೂರು ವರ್ಷ ಬೇಕಾಯಿತು. ಐಬಿಎಂನ ಆರ್ಥರ್ ಸ್ಯಾಮ್ಯುಯಲ್ 1950ರ ದಶಕದಲ್ಲಿ ಚೆಕರ್ಸ್ ಆಡುವ ಪ್ರೋಗ್ರಾಂ ಬರೆದರು. ತನ್ನ ತಪ್ಪಿನಿಂದ ತಾನೇ ಕಲಿಯುವ ಪ್ರೋಗ್ರಾಂ ಅದು. ನಾವು ರೆಸ್ಯೂಮೆಯಲ್ಲಿ ಧಾರಾಳವಾಗಿ ಬಳಸುವ 'ಮಷೀನ್ ಲರ್ನಿಂಗ್' ಎಂಬ ಪದ ಚಾಲ್ತಿಗೆ ಬಂದದ್ದೇ ಈ ಆಟದ ಬಗ್ಗೆ ಅವರು 1959ರಲ್ಲಿ ಬರೆದ ಪ್ರಬಂಧದಿಂದ. ಮುಂದಿನದು ಎಲ್ಲರಿಗೂ ಗೊತ್ತು. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ನೋಡುತ್ತಾ ಗ್ಯಾರಿ ಕಾಸ್ಪರೋವ್‌ರನ್ನು ಮೂರೂವರೆ-ಎರಡೂವರೆಯಿಂದ ಸೋಲಿಸಿತು. 2016ರ ಮಾರ್ಚ್‌ನಲ್ಲಿ ಸೋಲ್ ನಗರದಲ್ಲಿ ಆಲ್ಫಾಗೋ, 'ಗೋ' ಆಟದ ಲೀ ಸೆಡೋಲ್‌ರನ್ನು 4-1ರಿಂದ ಸೋಲಿಸಿತು. ಇದು ಗೆಲುವಿನ ಇತಿಹಾಸ. ಪೇಪರಿನಲ್ಲಿ ಮುಖಪುಟದ ಸುದ್ದಿ ಆಗಿದ್ದು ಇದೇ.

ಇದರ ಪಕ್ಕದಲ್ಲೇ ಸದ್ದಿಲ್ಲದೆ ನಡೆದ ಇನ್ನೊಂದು ಇತಿಹಾಸ ಇದೆ. ಅದು ಬಿಡಿಸುವ ಇತಿಹಾಸ. ಒಬ್ಬ ಮನುಷ್ಯನನ್ನು ಸೋಲಿಸೋದು ಬೇರೆ, ಒಂದು ಆಟವನ್ನು ಪೂರ್ತಿ ಬಿಡಿಸೋದು ಬೇರೆ. ಬಿಡಿಸೋದು ಅಂದರೆ, ಇಬ್ಬರೂ ಒಂದು ತಪ್ಪೂ ಮಾಡದೆ ಆಡಿದರೆ ಕೊನೆಗೆ ಏನಾಗುತ್ತದೆ ಅನ್ನೋದನ್ನು ಅನುಮಾನಕ್ಕೆ ಜಾಗವಿಲ್ಲದಂತೆ ಲೆಕ್ಕ ಹಾಕಿ ಹೇಳೋದು. ಚೆಸ್ ಇವತ್ತಿಗೂ ಹಾಗೆ ಬಿಡಿಸಿಲ್ಲ. ಹಾಸಿನ ಮೇಲೆ 7 ಕಾಯಿ ಉಳಿದಾಗಿನ ಲೆಕ್ಕ ಮಾತ್ರ ಪೂರ್ತಿ ಆಗಿದೆ.

ಚೆಕರ್ಸ್‌ನಲ್ಲಿ ಈ ಎರಡೂ ಇತಿಹಾಸ ಒಟ್ಟಿಗೆ ಸಿಗುತ್ತವೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೊನಾಥನ್ ಶೆಫರ್ 1989ರಲ್ಲಿ 'ಚಿನೂಕ್' ಶುರು ಮಾಡಿದರು. ಎದುರಿಗೆ ಮೇರಿಯನ್ ಟಿನ್ಸ್‌ಲಿ, ದಶಕಗಟ್ಟಲೆ ಸೋಲೇ ಅಪರೂಪವಾಗಿದ್ದ ಗಣಿತದ ಮೇಷ್ಟ್ರು. 1992ರಲ್ಲಿ ಟಿನ್ಸ್‌ಲಿಯೇ ಗೆದ್ದರು. 1994ರ ಮರುಪಂದ್ಯದಲ್ಲಿ ಆರು ಆಟ ಸಮ ಆದ ಮೇಲೆ ಆರೋಗ್ಯ ಕೈಕೊಟ್ಟು ಹಿಂದೆ ಸರಿದರು, ಮರುವರ್ಷ ತೀರಿಹೋದರು. ಗೆಲ್ಲಬೇಕಿದ್ದ ಮನುಷ್ಯನೇ ಇಲ್ಲವಾದ. ಶೆಫರ್ ಆಮೇಲೆ ಆಟವನ್ನೇ ಬಿಡಿಸಲು ಹೊರಟರು. 5ರ ಮುಂದೆ 20 ಸೊನ್ನೆ ಇಟ್ಟಷ್ಟು ಸ್ಥಿತಿಗಳಿರುವ ಆಟ. 2007ರಲ್ಲಿ ಉತ್ತರ ಬಂತು: ಸಮ. ಇಬ್ಬರೂ ತಪ್ಪದಿದ್ದರೆ ಯಾರೂ ಗೆಲ್ಲಲ್ಲ.

ಇಲ್ಲಿಂದ ನಮ್ಮ ಕಟ್ಟೆಗೆ ಬನ್ನಿ. ಒಂದರೊಳಗೊಂದು ಮೂರು ಚೌಕದ, 24 ಮನೆಯ ಸಾಲುಮನೆ ಆಟ ನೋಡಿರುತ್ತೀರಿ. ಮೂರು ಕಾಯಿ ಸಾಲಾದರೆ ಎದುರಾಳಿಯ ಒಂದು ಕಾಯಿ ಎತ್ತೋದು. ಇದೇ ಆಟ ಯುರೋಪಿನಲ್ಲೂ ಇದೆ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ. 1993ರಲ್ಲಿ ಜ್ಯೂರಿಕ್‌ನ ಇಟಿಎಚ್‌ನಲ್ಲಿ ರಾಲ್ಫ್ ಗಾಸರ್ ಅದನ್ನು ಬಿಡಿಸಿದರು. ಸಮ. ನಮ್ಮ ಅಳಗುಳಿಮಣೆಯ ಆಫ್ರಿಕಾದ ದಾಯಾದಿ 'ಅವಾರಿ'. 12 ಗುಳಿ, 48 ಬೀಜ. 2002ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜಾನ್ ರೊಮೈನ್, ಹೆನ್ರಿ ಬಾಲ್ ಇಬ್ಬರೂ 144 ಪ್ರೊಸೆಸರ್‌ಗಳನ್ನು 51 ಗಂಟೆ ಓಡಿಸಿ, ಸುಮಾರು 88,906 ಕೋಟಿ ಸ್ಥಿತಿಗಳ ಲೆಕ್ಕ ತೆಗೆದರು. ಸಮ. ಹುಲಿ-ಕುರಿಯ ನೇಪಾಳದ ತಮ್ಮ 'ಬಾಘ್-ಚಾಲ್'. 25 ಮನೆ, 4 ಹುಲಿ, 20 ಆಡು. ಸಿಂಗಪುರದ ಲಿಮ್ ಯೂ ಜಿನ್, ಇಟಿಎಚ್‌ನ ಯುರ್ಗ್ ನಿವರ್ಗೆಲ್ಟ್ ಜೊತೆ ಸೇರಿ ಅದನ್ನೂ ಬಿಡಿಸಿದರು. ಸಮ.

ಬಾಘ್-ಚಾಲ್ ಸಮ ಅಂತ ಓದಿದಾಗ ನನಗೆ ಮೈ ಜುಮ್ಮೆಂದಿತು. ಬಲವಿರುವ ಹುಲಿ ಕೆಲವೇ, ಬಲವಿಲ್ಲದ ಕುರಿ ಬಹಳ. ಒಬ್ಬರಿಗೆ ಹಾರುವ ಶಕ್ತಿ, ಇನ್ನೊಬ್ಬರಿಗೆ ಒಟ್ಟಿಗೆ ನಿಲ್ಲುವ ಶಕ್ತಿ ಮಾತ್ರ. ಇಷ್ಟು ಬೇರೆ ಬೇರೆ ಥರದ ಎರಡು ಪಡೆಗಳನ್ನು ಯಾವ ಕಂಪ್ಯೂಟರೂ ಇಲ್ಲದ ಕಾಲದಲ್ಲಿ ಯಾರೋ ಸರಿತೂಗಿಸಿ ಇಟ್ಟಿದ್ದಾರೆ. ಒಬ್ಬರಲ್ಲ, ತಲೆಮಾರುಗಳು. ಹುಲಿಯೇ ಗೆಲ್ಲುತ್ತಾ ಹೋದರೆ ಒಂದು ಕುರಿ ಹೆಚ್ಚಿಸಿರುತ್ತಾರೆ, ಕುರಿಗಳು ಬೇಗ ಹುಲಿ ಕಟ್ಟಿಹಾಕಿದರೆ ಹಾರುವ ನಿಯಮ ಸಡಿಲಿಸಿರುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಟೆಸ್ಟಿಂಗ್, ಪ್ರೊಡಕ್ಷನ್‌ನಲ್ಲೇ. ಹಾಗಾದರೆ ಅಪ್ಪನ ನಿಯಮ, ಅವ್ವನ ನಿಯಮ ಇವೆರಡರಲ್ಲಿ ಒಂದು ತಪ್ಪು ಅಂತ ಅಂದುಕೊಂಡಿದ್ದೇ ನನ್ನ ತಪ್ಪು. ಎರಡೂ ಬೇರೆ ಬೇರೆ ಆಟ, ಎರಡಕ್ಕೂ ತಮ್ಮದೇ ತಕ್ಕಡಿ. ಈ ನಾಲ್ಕು ತಾಲೂಕಿನ ಆಟಗಳನ್ನು ಯಾವ ಕಂಪ್ಯೂಟರಾದರೂ ಬಿಡಿಸಬೇಕೆಂದರೆ ಮೊದಲು ಯಾರಾದರೂ ಅವುಗಳ ನಿಯಮ ಬರೆಯಬೇಕು.

ಯಂತ್ರಕ್ಕೆ ಬೇಕಾಗಿರುವುದೂ ಅಷ್ಟೇ. 2017ರ ಡಿಸೆಂಬರ್‌ನಲ್ಲಿ ಡೀಪ್‌ಮೈಂಡ್ ತೋರಿಸಿದ ಆಲ್ಫಾಝೀರೋಗೆ ಮನುಷ್ಯರು ಆಡಿದ ಒಂದು ಚೆಸ್ ಆಟವನ್ನೂ ಕೊಟ್ಟಿರಲಿಲ್ಲ. ಬರೀ ನಿಯಮ. ತನ್ನ ಜೊತೆ ತಾನೇ ಆಡಿ, ನಾಲ್ಕೇ ಗಂಟೆಯಲ್ಲಿ ಆಗಿನ ಬಲಿಷ್ಠ ಪ್ರೋಗ್ರಾಂ ಸ್ಟಾಕ್‌ಫಿಶ್ ಅನ್ನು ಮೀರಿಸಿತು. ಇದರ ಇನ್ನೊಂದು ಮುಖ ನೋಡಿ. ಜಾಣತನವನ್ನು ಯಂತ್ರ ತಾನೇ ದುಡಿದುಕೊಳ್ಳುತ್ತದೆ. ನಿಯಮವನ್ನು ಮಾತ್ರ ನಾವೇ ಕೊಡಬೇಕು.

ಕೊಡುವವರು ಇಲ್ಲದಿದ್ದರೆ? ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ ಕ್ಯಾಮರಾನ್ ಬ್ರೌನ್ ಅವರ ತಂಡ 2018ರಿಂದ 'ಡಿಜಿಟಲ್ ಲುಡೀಮ್ ಪ್ರಾಜೆಕ್ಟ್' ನಡೆಸಿತು. ಕಲ್ಲಿನ ಮೇಲೆ ಗೆರೆ ಉಳಿದಿದೆ, ಆಡುವವರು ಸತ್ತುಹೋಗಿದ್ದಾರೆ. ಅಂಥ ಹಳೆಯ ಆಟಗಳಿಗೆ ಹೀಗೂ ಇರಬಹುದು, ಹಾಗೂ ಇರಬಹುದು ಅಂತ ಹತ್ತಾರು ನಿಯಮಾವಳಿ ಕಟ್ಟಿ, ಕಂಪ್ಯೂಟರ್ ತನ್ನೊಡನೆ ತಾನೇ ಆಡುವಂತೆ ಮಾಡಿ, ಯಾವುದು ಆಡಲು ಯೋಗ್ಯವಾಗಿದೆ ಅಂತ ನೋಡೋದು. ಒಳ್ಳೆಯ ಕೆಲಸ. ಆದರೆ ಅದು ಸಾವಿರಾರು ವರ್ಷ ಹಿಂದೆ ಸತ್ತವರಿಗಾಗಿ ಕಂಡುಕೊಂಡ ದಾರಿ. ಫೋನ್ ಎತ್ತಿದರೆ "ಒಂದ ಹಾರಬೇಕು ತಮ್ಮಾ" ಅನ್ನುವವರು ಇರುವಾಗ ನಾವೂ ಊಹೆಗೆ ಇಳಿಯಬೇಕಾ?

ನಿಯಮ ಮರೆತು ಹೋಗೋದೊಂದೇ ಅಪಾಯವೂ ಅಲ್ಲ. ಚದುರಂಗದಲ್ಲೇ ನೋಡಿ. ನಮ್ಮ ದೇಶದ ಹಳೆಯ ಚದುರಂಗದಲ್ಲಿ ಪದಾತಿ ಮೊದಲ ನಡೆಗೂ ಒಂದೇ ಮನೆ ಹೋಗುತ್ತಿತ್ತು. ಈಗಿನಂತೆ ಕ್ಯಾಸ್ಲಿಂಗ್ ಇರಲಿಲ್ಲ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ಆಟ ಆಡಿ ಬೆಳೆದವರು. ಯುರೋಪಿನ ನಿಯಮ ಹೊಸದಾಗಿ ಕಲಿತು 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರು ಗೆದ್ದರು, ಆದರೆ ಅವರು ಬಾಲ್ಯದಲ್ಲಿ ಆಡಿದ ಆಟ ಸೋತಿತು. ಬರೆದಿಟ್ಟ ನಿಯಮದ ಎದುರು ಬರೆಯದ ನಿಯಮ ನಿಲ್ಲಲ್ಲ. ನಾಳೆ ಯಾವುದೋ ಆ್ಯಪ್‌ನಲ್ಲಿ ಹುಲಿ-ಕುರಿ ಬಂದರೆ, ಅದನ್ನು ಬರೆದ ಹುಡುಗ ಹಾಕಿದ ಒಂದು `ಇಫ್` ಸಾಲೇ ಕರ್ನಾಟಕಕ್ಕೆಲ್ಲಾ ಕಾಯ್ದೆ ಆಗುತ್ತದೆ. ಮಕ್ಕಳು ಅಜ್ಜಿಗೇ ಹೇಳುತ್ತವೆ: ನೀನು ತಪ್ಪು ಆಡ್ತಿದ್ದೀಯ. ಆ ಹುಡುಗ ನಾನೇ ಆಗುವುದರಲ್ಲಿದ್ದೆ.

ದೀಪಾವಳಿಗೆ ಊರಿಗೆ ಹೋದೆ. ಗುಡಿಯ ಜೀರ್ಣೋದ್ಧಾರ ಆಗಿತ್ತು. ಕಟ್ಟೆಗೆ ಥಳಥಳ ಹೊಳೆಯುವ ಗ್ರಾನೈಟ್. ಹಾಸುಗಲ್ಲು ಎಲ್ಲಿ ಅಂತ ಕೇಳಿದರೆ, ಕೆಳಗೇ ಇರಬೇಕು ಅಂದರು ಒಬ್ಬರು, ಬುನಾದಿಗೆ ಹೋಯ್ತು ಅಂದರು ಇನ್ನೊಬ್ಬರು. ಯಾರನ್ನೂ ಬೈಯಲು ಮನಸ್ಸಾಗಲಿಲ್ಲ. ಆ ಕೆಲಸಕ್ಕೆ ಪಟ್ಟಿ ಎತ್ತಿದಾಗ ನಾನೂ ಬೆಂಗಳೂರಿನಿಂದ ದುಡ್ಡು ಕಳಿಸಿದ್ದೆ. ಹತ್ತು ವರ್ಷದಿಂದ ಆ ಕಲ್ಲಿನ ಮುಂದೆ ನಾನು ಕೂತೂ ಇರಲಿಲ್ಲ. ಕಟ್ಟೆಯ ಆಟವನ್ನು ಯಾವ ಡೀಪ್ ಬ್ಲೂ ಕೂಡ ಸೋಲಿಸಲಿಲ್ಲ. ನಾವು ಎದ್ದು ಬಂದೆವು, ಅಷ್ಟೇ.

ಆ ಸಂಜೆ ಗ್ರಾನೈಟ್ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು ಓಣಿಯ ಹಿರಿಯರೊಬ್ಬರ ಜೊತೆ ಕೂತೆ. ಕಾಯಿ ಇಡುವ ಮುಂಚೆ ಅವರು ಕೇಳಿದ ಮೊದಲ ಮಾತು: "ಯಾವ ಊರಿನ ಆಟ ಆಡೂಣು? ಒಂದ ಹಾರೋದೋ, ಎಷ್ಟ ಸಿಗ್ತಾವ ಅಷ್ಟೋ?"

ಇಷ್ಟು ದಿನ ನನ್ನ ಕೋಡ್‌ಗೆ ಹೊಳೆಯದ ಸಾಲು ಅದು. ನಿಯಮ ಆಟದೊಳಗೆ ಅಚ್ಚಾಗಿ ಕೂತಿಲ್ಲ. ಇಬ್ಬರೂ ಕೂತು ಮೊದಲು ಒಪ್ಪಿಕೊಳ್ಳೋದೇ ಆಟದ ಮೊದಲ ನಡೆ. ಈಗ ನನ್ನ ಪ್ರೋಗ್ರಾಂ ಶುರುವಾದ ಕೂಡಲೇ ಊರು ಕೇಳುತ್ತದೆ. ಪಟ್ಟಿಯಲ್ಲಿ ಸದ್ಯಕ್ಕೆ ನಾಲ್ಕು ತಾಲೂಕು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟಿದ್ದೇನೆ.

ಯುಗಾದಿಗೆ ನೀವೂ ಊರಿಗೆ ಹೋಗುತ್ತೀರಿ. ಒಂದು ಹಾಳೆ ಸಾಕು. ಮನೆ ಎಷ್ಟು, ಗೆರೆ ಹೇಗೆ, ಯಾರಿಗೆ ಎಷ್ಟು ಕಾಯಿ, ಮೊದಲ ನಡೆ ಯಾರದು, ಹಾರುವುದು ಹೇಗೆ, ಆಟ ಮುಗಿಯುವುದು ಯಾವಾಗ. ಕೇಳಿ ಬರೆದುಕೊಳ್ಳಿ. ಹೇಳಿದವರ ಊರಿನ ಹೆಸರು ಹಾಕೋದು ಮರೆಯಬೇಡಿ. ಬಿಡಿಸುವ ಕೆಲಸ ಕಂಪ್ಯೂಟರ್ ನೋಡಿಕೊಳ್ಳುತ್ತೆ.