ನೈಟ್ ಆಗದೆ ಉಳಿದ ಚಿಕ್ಕ ಧಣಿಗಳು

1423ರ ಅಕ್ಟೋಬರ್. ಫ್ರಾನ್ಸಿನ ಪೂರ್ವದಂಚಿನ ದೊಂರೆಮಿ ಹಳ್ಳಿಯ ರೈತರು ಒಂದು ಕರಾರಿಗೆ ಒಪ್ಪಿದರು. ವರ್ಷಕ್ಕೆ ಒಲೆಗಿಷ್ಟು ಎಂದು ಅವರು ಹಣ ಕಟ್ಟಬೇಕು, ದೊರೆ ಅವರನ್ನು ಕಾಯಬೇಕು. ಹಳ್ಳಿಯ ಪರವಾಗಿ ಒಪ್ಪಿಕೊಂಡವರಲ್ಲಿ ಜೋನ್ ಆಫ್ ಆರ್ಕಳ ತಂದೆಯೂ ಒಬ್ಬ. ಹಣ ಪಡೆಯುವ ರಾಬೇರ್ ದ ಸಾರ್‌ಬ್ರುಕ್‌ನ ಬಿರುದು 'ಕೊಮೆರ್ಸಿಯ ದಾಮ್ವಾಜೊ'.

ಒಡೆಯ ಎಂಬರ್ಥದ ಲ್ಯಾಟಿನ್ನಿನ 'ದೊಮಿನುಸ್' ಶಬ್ದದ ಕಿರಿದಾದ ರೂಪ ದಾಮ್ವಾಜೊ. ಯಜಮಾನರ ಮಗನನ್ನು ನಾವು 'ಚಿಕ್ಕ ಧಣಿ' ಎನ್ನುವ ಹಾಗೆ. ಕುಲದಲ್ಲಿ ದೊಡ್ಡವನು, ಆದರೆ ಸೊಂಟಕ್ಕೆ ನೈಟ್ ಎಂಬ ಕುಲೀನ ಯೋಧನ ಪದವಿಯ ಖಡ್ಗ ಇನ್ನೂ ಏರಿಲ್ಲ. ಇಂಥವನು ಸ್ಪೇನಿನಲ್ಲಿ 'ದೊನ್ಸೆಲ್', ಜರ್ಮನ್ ನಾಡಿನಲ್ಲಿ 'ಯುಂಕರ್', ಅಂದರೆ ಎಳೆಯ ಒಡೆಯ.

ಇಂಗ್ಲಿಷಿನ 'ಸ್ಕ್ವೈರ್' ಮಾತ್ರ ವಯಸ್ಸಿನಿಂದಲ್ಲ, ಕೆಲಸದಿಂದ ಬಂದ ಹೆಸರು: ಗುರಾಣಿ ಹೊರುವವನು. ಏಳೆಂಟು ವರ್ಷಕ್ಕೇ ಬೇರೊಬ್ಬ ದೊರೆಯ ಮನೆ ಸೇರಿದ ಹುಡುಗ ಹದಿನಾಲ್ಕರ ಸುಮಾರಿಗೆ ಸ್ಕ್ವೈರ್ ಆಗುತ್ತಿದ್ದ. ಕುದುರೆಯ ಮೈ ತಿಕ್ಕುವುದು, ಒಡೆಯನ ಕವಚದ ಪಟ್ಟಿ ಬಿಗಿಯುವುದು, ಊಟದ ಮೇಜಿನ ಬಳಿ ನಿಂತು ಮಾಂಸ ಕೊಯ್ದು ಬಡಿಸುವುದು ಎಲ್ಲವೂ ಅವನ ಪಾಲಿಗೆ. ಕವಿ ಚಾಸರ್ ಚಿತ್ರಿಸಿದ ಇಪ್ಪತ್ತರ ಸ್ಕ್ವೈರ್ ತಂದೆಯ ಮುಂದೆ ಮಾಂಸ ಕೊಯ್ಯುತ್ತಾನೆ. ಅದು ಹೊರಗಿನವನ ಕಲ್ಪನೆಯಲ್ಲ. 1357ರಲ್ಲಿ ಚಾಸರ್ ಕೂಡ ಅಲ್ಸ್ಟರ್‌ನ ಕೌಂಟೆಸ್ ಮನೆಯಲ್ಲಿ ಸೇವೆಗಿದ್ದ ಹುಡುಗ.

ನೈಟ್ ಪದವಿಗಾಗಿ ಸ್ಕ್ವೈರ್‌ನ ಈ ಕಾಯುವಿಕೆ ಮುಗಿಯಬೇಕಾದರೆ ಕೈಯಲ್ಲಿ ಹಣ ಬೇಕಿತ್ತು. ಯುದ್ಧದ ಕುದುರೆ, ಉಕ್ಕಿನ ಕವಚ, ದೀಕ್ಷೆಯ ಔತಣ, ಆಮೇಲೆ ಪದವಿಯ ಜೊತೆಗೇ ಬರುವ ಹೊಣೆಗಳು. ಸಾಕಷ್ಟು ಭೂಮಿಯಿದ್ದವರೂ ಹಿಂದೆ ಸರಿದರು. ಸೈನ್ಯಕ್ಕೆ ಜನ ಸಾಲದೆ, 1278ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವರ್ಷಕ್ಕೆ 20 ಪೌಂಡ್ ಆದಾಯದ ಜಮೀನು ಉಳ್ಳವರೆಲ್ಲ ನೈಟ್ ಆಗಲೇಬೇಕೆಂದು ಆಜ್ಞೆ ಹೊರಡಿಸಿದ. 1306ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅವನ ಮಗನ ಜೊತೆಗೇ 250ಕ್ಕೂ ಹೆಚ್ಚು ಯುವಕರಿಗೆ ದೀಕ್ಷೆಯಾಯಿತು.

ಆದರೂ ಬಹಳ ಜನ ತಲೆ ನರೆತರೂ ಸ್ಕ್ವೈರ್ ಆಗಿಯೇ ಉಳಿದರು. ಅವರ ಸಂಖ್ಯೆ ಬೆಳೆದಂತೆ, ದಾರಿಯ ನಡುವಿನ ತಂಗುದಾಣದಂತಿದ್ದ ಹೆಸರೇ ಒಂದು ಅಂತಸ್ತಾಯಿತು. ಯಾರು ಎಂಥ ಬಟ್ಟೆ ತೊಡಬೇಕೆಂದು ಗೊತ್ತುಮಾಡಿದ ಇಂಗ್ಲೆಂಡಿನ 1363ರ ಕಾನೂನಿನಲ್ಲಿ ಸ್ಕ್ವೈರ್‌ಗಳಿಗೆ ನೈಟ್‌ಗಳಿಂದ ಬೇರೆಯಾದ ದರ್ಜೆಯೇ ಇದೆ. ಕೊಮೆರ್ಸಿಯಲ್ಲಂತೂ 'ದಾಮ್ವಾಜೊ' ಸೀಮೆಯ ಒಡೆತನಕ್ಕೇ ಅಂಟಿಕೊಂಡಿತು.

ಕಿರಿಯ ಸಾಮಂತ ಎಂಬರ್ಥದ ಫ್ರೆಂಚ್ ಪದ 'ವಾಲೆ' ಮಾತ್ರ ಇಳಿಜಾರಿನಲ್ಲಿ ಸಾಗಿತು. ದೊರೆಮನೆಯ ಕುಲೀನ ಹುಡುಗನನ್ನು ಕರೆಯುತ್ತಿದ್ದ ಆ ಪದಕ್ಕೆ ಕೊನೆಗೆ ಸೇವಕ ಎಂಬ ಅರ್ಥವೇ ನಿಂತಿತು. ಇಸ್ಪೀಟಿನಲ್ಲಿ ನಾವು ಗುಲಾಮ ಎನ್ನುವ ಎಲೆ ಫ್ರೆಂಚರಿಗೆ ಇಂದಿಗೂ ವಾಲೆ. ಅವರ ಹಳೆಯ ಕಟ್ಟಿನ ಆಟಿನ್ ಗುಲಾಮನ ಪಕ್ಕದಲ್ಲಿ 'ಲಾ ಹೀರ್' ಎಂದು ಬರೆದಿರುತ್ತದೆ. ದೊಂರೆಮಿಯ ಆ ರೈತನ ಮಗಳ ಜೊತೆ ಯುದ್ಧಭೂಮಿಯಲ್ಲಿ ಕಾದಿದ ದಳಪತಿಯ ಹೆಸರದು.